ಬೀಗ ಹಾಕಿದ ಬಿಡಾರದಲ್ಲಿ ಬೊಗಳುವ ನಾಯಿ

ಊರಿನಲ್ಲಿ ನಾಯಿಯೆಂದರೆ ಅಂಗಳದ ಪ್ರಾಣಿ. ಬಚ್ಚಲೊಲೆಯ ಬೂದಿಯ ಬೆಚ್ಚನೆಯ ಮಗ್ಗುಲು ಅದಕ್ಕುಂಟು, ತೋಟದ ಬೇಲಿಯುಂಟು, ದಾರಿಹೋಕರುಂಟು. ಮನೆಯವರಲ್ಲಿ ಒಬ್ಬರು ಗದ್ದೆಗೆ ಹೋದರೆ ಇನ್ನೊಬ್ಬರು ಜಗಲಿಯ ಮೇಲಿರುತ್ತಾರೆ. ಅದು ಬೊಗಳಿದರೆ ಯಾರಿಗೂ ಬಾಧೆಯಿಲ್ಲ. ಬೊಗಳಲೆಂದೇ ಅದಕ್ಕೆ ಅನ್ನ ಹಾಕುವುದು. ಅದೇ ಪ್ರಾಣಿಯು ಮುಂಬಯಿಯ ನಾಲ್ಕನೆಯ ಮಾಳಿಗೆಯ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರಕ್ಕೆ ಬಂದು, ಬೆಳಿಗ್ಗೆ ಏಳೂವರೆಗೆ ಬಾಗಿಲಿಗೆ ಬೀಗ ಬಿದ್ದ ಮೇಲೆ ರಾತ್ರಿ ಎಂಟರವರೆಗೆ ಮನುಷ್ಯರ ಮುಖವನ್ನೇ ಕಾಣದಿದ್ದರೆ ಏನಾಗುವುದೆಂಬುದನ್ನು ಡೊಂಬಿವಲಿ, ಠಾಣೆ, ವಸಯಿಗಳ ಸೊಸೈಟಿಗಳಲ್ಲಿ ವಾಸಿಸುವ ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ನಮ್ಮವರು ಗೋಡೆಯ ಎರಡು ಮಗ್ಗುಲಿಗೂ ಇದ್ದಾರೆ. ಗಂಡಹೆಂಡಿರಿಬ್ಬರೂ ಕಚೇರಿಗೆ ಹೋಗುವ ಗುಮಾಸ್ತರ ಮನೆಯಲ್ಲಿ ನಾಯಿಯಿದ್ದರೆ, ಅದರ ಕೆಳಗಣ ಮನೆಯಲ್ಲಿ ರಾತ್ರಿ ಹೋಟೆಲು ಮುಚ್ಚಿ, ಪಾತ್ರೆ ಎಣಿಸಿ, ಕಡೆಯ ಲೋಕಲ್ ಗಾಡಿ ಹಿಡಿದು ಬಂದು ಎರಡು ಗಂಟೆಗೆ ತಲೆ ಊರಿದ ನೌಕರನು ಮಲಗಿರುತ್ತಾನೆ. ಜಗತ್ತಿನ ಬೆಳಗು ಅವನ ಪಾಲಿಗೆ ರಾತ್ರಿ. ನಿದ್ದೆಗೆಟ್ಟ ಮಾಣಿಯು ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಯಾವ ಮೇಜಿನ ಸಾಂಬಾರನ್ನು ಯಾವ ಗಿರಾಕಿಯ ಅಂಗಿಯ ಮೇಲೆ ಚೆಲ್ಲುವನೆಂಬುದನ್ನು ಹಲವು ವರ್ಷ ಗಲ್ಲೆಯ ಮೇಲೆ ಕುಳಿತ ನಾವು ಬಲ್ಲೆವು. ಆದುದರಿಂದ ನಾಯಿಯ ಬೊಗಳನ್ನು ನಗುವಿನ ಸಂಗತಿಯೆಂದು ಭಾವಿಸತಕ್ಕದ್ದಲ್ಲ. ಅದರಿಂದ ಒಬ್ಬನ ಕೆಲಸಕ್ಕೆ ಕುತ್ತು ಬರಬಹುದು, ಇನ್ನೊಬ್ಬನ ಬಿಡಾರಕ್ಕೆ ಕುತ್ತು ಬರಬಹುದು. ನಾಯಿಯ ಪ್ರಾಣಕ್ಕೇ ಬರುವುದೂ ಉಂಟು.

ಡೊಂಬಿವಲಿಯ ಒಂದು ಸೊಸೈಟಿಯಲ್ಲಿ ನಡೆದದ್ದನ್ನು ಹೆಸರು ಬಿಟ್ಟು ಹೇಳುತ್ತೇವೆ. 2020ರ ಲಾಕ್‌ಡೌನಿನ ಕಾಲದಲ್ಲಿ ಧಾರವಾಡದ ಕಡೆಯ ಗುಮಾಸ್ತರೊಬ್ಬರು ಬೀದಿಯ ಮರಿಯೊಂದನ್ನು ಎತ್ತಿ ತಂದು ಸಾಕಿದರು. ಎರಡು ವರ್ಷ ಮನೆಯಲ್ಲಿ ಸದಾ ಒಬ್ಬರಲ್ಲ ಒಬ್ಬರು ಇದ್ದೇ ಇದ್ದರು. ನಾಯಿಯು ಒಂಟಿತನವೆಂಬುದನ್ನು ಅರಿಯದೆ ಬೆಳೆಯಿತು. ಅನಂತರ ಕಚೇರಿಗಳು ತೆರೆದವು. ಒಂದು ಸೋಮವಾರ ಮನೆಯವರೆಲ್ಲ ಒಮ್ಮೆಗೇ ಹೊರಟುಹೋದರು. ಅಂದಿನಿಂದ ಬೊಗಳು. ತಿಂಗಳೊಳಗೆ ಸೊಸೈಟಿಯ ಕಮಿಟಿಯಿಂದ ಹದಿನೈದು ದಿನಗಳಲ್ಲಿ ನಾಯಿಯನ್ನು ಸಾಗಿಸಬೇಕೆಂದು ನೋಟೀಸು ಬಂದಿತು. ಕೆಳಗಿನ ಮನೆಯಲ್ಲಿದ್ದವರು ಕುಂದಾಪುರದ ಕಡೆಯವರು, ಮಾಟುಂಗದ ಹೋಟೆಲೊಂದರಲ್ಲಿ ಕೆಲಸ. ಅವರು ಮೆಟ್ಟಿಲು ಹತ್ತಿ ಬಂದು, "ರಾಯರೇ, ನಿಮ್ಮ ನಾಯಿಯ ಮೇಲೆ ನನಗೆ ಸಿಟ್ಟಿಲ್ಲ ಮಾರಾಯ್ರೆ. ಆದರೆ ನನಗೆ ನಿದ್ದೆ ಬರುವುದೇ ನೀವು ಬೀಗ ಹಾಕುವ ಹೊತ್ತಿಗೆ," ಎಂದರಂತೆ.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಸಂಜೆ ಬಂದು ನಾಯಿಗೆ ಎರಡು ಬಾರಿಸುವುದು. ಕೆರೆದ ಬಾಗಿಲನ್ನು, ಹರಿದ ಚಾಪೆಯನ್ನು ತೋರಿಸಿ ಗದರಿದಾಗ ಅದು ಕಿವಿ ಮಡಿಸಿ, ಬಾಲ ಮುದುಡಿ, ಓರೆನೋಟ ಬೀರುತ್ತದೆ. "ನೋಡಿ, ತಪ್ಪು ಮಾಡಿದ್ದು ಅದಕ್ಕೆ ತಿಳಿದಿದೆ," ಎಂದು ಯಜಮಾನರು ಹೇಳುತ್ತಾರೆ. ಅದು ನಿಜವಲ್ಲ. ಅಮೆರಿಕದ ವಿದುಷಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ 14 ನಾಯಿಗಳ ಮುಂದೆ ತಿನಿಸನ್ನಿಟ್ಟು, ತಿನ್ನಬಾರದೆಂದು ಹೇಳಿಸಿ, ಯಜಮಾನರನ್ನು ಹೊರಗೆ ಕಳುಹಿಸಲಾಯಿತು. ತಿಂದ ನಾಯಿಯ ಯಜಮಾನನಿಗೆ ತಿಂದಿಲ್ಲವೆಂದೂ, ತಿನ್ನದ ನಾಯಿಯ ಯಜಮಾನನಿಗೆ ತಿಂದಿದೆಯೆಂದೂ ಕೆಲವು ಸಲ ಬೇಕೆಂದೇ ತಪ್ಪು ಹೇಳಲಾಯಿತು. ಆ ಅಪರಾಧಿಯ ನೋಟವು ತಿಂದದ್ದಕ್ಕೂ ತಿನ್ನದಿದ್ದುದಕ್ಕೂ ಹೊಂದಲಿಲ್ಲ. ಗದರಿದ್ದಕ್ಕೆ ಮಾತ್ರ ಹೊಂದಿತು. ಅದು ಪಶ್ಚಾತ್ತಾಪವಲ್ಲ, ಭಯ. ಬೆಳಿಗ್ಗೆ ಎಂಟಕ್ಕೆ ಬೊಗಳಿದ್ದಕ್ಕೆ ರಾತ್ರಿ ಎಂಟಕ್ಕೆ ಬಿದ್ದ ಪೆಟ್ಟನ್ನು ನಾಯಿ ಜೋಡಿಸಿಕೊಳ್ಳಲಾರದು. ಯಜಮಾನರು ಹೋದರೆ ಸಂಕಟ, ಬಂದರೆ ಪೆಟ್ಟು ಎಂಬುದಷ್ಟೆ ಅದರ ಪಾಲಿನ ಪಾಠ. ಮರುದಿನ ಬೊಗಳು ಹೆಚ್ಚುತ್ತದೆ.

ಪಶುವೈದ್ಯರು ಈ ಸ್ಥಿತಿಯನ್ನು ಅಗಲಿಕೆಯ ಕಳವಳವೆಂದು ಎಣಿಸುತ್ತಾರೆ. ಆದರೆ ಬೊಗಳುವ ನಾಯಿಗೆಲ್ಲ ಈ ಕಳವಳವೇ ಇರುವುದೆಂದಲ್ಲ. ಲಿಫ್ಟಿನ ಸದ್ದಿಗೆ, ಹಾಲಿನವನ ಹೆಜ್ಜೆಗೆ, ಕಿಟಕಿಯ ಪಾರಿವಾಳಕ್ಕೆ ಎರಡು ನಿಮಿಷ ಕೂಗಿ ಮಲಗುವ ನಾಯಿಯು ಕಾವಲಿನದು. ಅದರ ಹಾಸಿಗೆಯನ್ನು ಬಾಗಿಲಿನಿಂದ ದೂರ ಸರಿಸಿ, ಕಿಟಕಿಗೆ ಪರದೆ ಎಳೆದು, ಫ್ಯಾನನ್ನೋ ರೇಡಿಯೋವನ್ನೋ ಹಾಕಿಟ್ಟರೆ ಬಹುಮಟ್ಟಿಗೆ ಶಾಂತವಾಗುತ್ತದೆ. ಓಡಾಟವಿಲ್ಲದ ಎಳೆಯ ನಾಯಿ ಬೇಸರದಿಂದ ಕೂಗುವುದುಂಟು. ಹೊರಡುವ ಮೊದಲು ಮುಕ್ಕಾಲು ಗಂಟೆ ತಿರುಗಾಡಿಸಿದರೆ ಅದು ಮಲಗೀತು. ಮುದಿನಾಯಿಗೆ ನೋವೋ, ಕಿವುಡೋ, ಬುದ್ಧಿಯ ಮಬ್ಬೋ ಇರಬಹುದು. ಯಾವುದೆಂದು ತಿಳಿಯಲು ಹಳೆಯ ಮೊಬೈಲೊಂದನ್ನು ಮನೆಯೊಳಗೆ ಚಿತ್ರ ಹಿಡಿಯಲು ಇಟ್ಟು ಹೋಗುವುದೇ ಸುಲಭದ ಉಪಾಯ. ಮೇಲೆ ಹೇಳಿದ ಮನೆಯಲ್ಲಿ ಹಾಗೆ ಮಾಡಿದಾಗ, ಬೀಗದ ಸದ್ದಾದ ಮೂರನೆಯ ನಿಮಿಷಕ್ಕೆ ನಾಯಿ ಬಾಗಿಲಿನಿಂದ ಕಿಟಕಿಗೆ ಅಲೆದಾಡತೊಡಗಿ, ಬಾಯಿಂದ ಜೊಲ್ಲು ಸುರಿಸುತ್ತ, ಬಾಗಿಲು ಕೆರೆಯುತ್ತ, ಊಳಿಡುತ್ತ ಇದ್ದುದು ಕಂಡಿತು. ಎದುರಿಗಿಟ್ಟ ಬಿಸ್ಕತ್ತನ್ನು ಮೂಸಿಯೂ ನೋಡಿರಲಿಲ್ಲ. ಕಳವಳದ ನಿಜವಾದ ಗುರುತು ಇದು. ಹಸಿದ ನಾಯಿ ತಿನಿಸನ್ನು ಬಿಟ್ಟಿತೆಂದರೆ ಅದು ಹಟವಲ್ಲ.

ಇದಕ್ಕೆ ಮದ್ದು ಒಂದೇ ದಿನದ್ದಲ್ಲ. ಹೊಸದಾಗಿ ಊರಿನಿಂದ ಬಂದ ಹುಡುಗನನ್ನು ಮೊದಲನೆಯ ದಿನವೇ ಗಲ್ಲೆಯ ಮೇಲೆ ಕೂರಿಸುವ ಹೋಟೆಲು ಯಜಮಾನನಿಲ್ಲ. ಮೇಜು ಒರೆಸುವುದು, ನೀರು ಕೊಡುವುದು, ಆಮೇಲೆ ಸಪ್ಲೈ, ಅದಾದ ಮೇಲೆ ಬಿಲ್ಲು. ನಾಯಿಗೂ ಒಂಟಿತನವನ್ನು ಹಾಗೆಯೇ ಕಲಿಸತಕ್ಕದ್ದು. ನಾವು ಹೊರಡುವ ಸೂಚನೆಗಳೇ ಅದರ ಎದೆಯನ್ನು ನಡುಗಿಸುವಂಥವು: ಬೀಗದ ಕೈಯ ಸದ್ದು, ಚಪ್ಪಲಿ, ಊಟದ ಡಬ್ಬಿ, ಚೀಲ. ಆದುದರಿಂದ ಬೀಗದ ಕೈಯನ್ನು ತೆಗೆದುಕೊಂಡು ಎಲ್ಲಿಗೂ ಹೋಗದೆ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದಬೇಕು. ಚಪ್ಪಲಿ ಮೆಟ್ಟಿ ಅಡಿಗೆಮನೆಗೆ ಹೋಗಿ ಬರಬೇಕು. ದಿನಕ್ಕೆ ಹಲವು ಸಲ ಹೀಗೆ ಮಾಡಿದರೆ ಆ ಸದ್ದುಗಳು ಅರ್ಥ ಕಳೆದುಕೊಳ್ಳುತ್ತವೆ. ಆಮೇಲೆ ಬಾಗಿಲ ಹೊರಗೆ ಐದು ಸೆಕೆಂಡು. ನಾಯಿ ಕಳವಳಗೊಳ್ಳುವ ಮೊದಲೇ ಒಳಗೆ. ಹತ್ತು ಸೆಕೆಂಡು, ಅರ್ಧ ನಿಮಿಷ, ಎರಡು ನಿಮಿಷ. ಅದು ಬೊಗಳಿತೆಂದರೆ ನಾವು ಅವಸರಪಟ್ಟೆವೆಂದು ತಿಳಿದು, ಮರುಸಲ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಹೋಗುವಾಗ ಮುದ್ದಿಸಿ ವಿದಾಯ ಹೇಳುವ, ಬಂದಾಗ ಎತ್ತಿ ಕುಣಿಸುವ ಸಂಭ್ರಮ ಬೇಡ. ಹೋಗಿ ಬರುವುದು ದೊಡ್ಡ ಸಂಗತಿಯಲ್ಲವೆಂದು ನಮ್ಮ ನಡೆಯೇ ಅದಕ್ಕೆ ತಿಳಿಸಲಿ.

ಬೆಳಗಿನ ಆಹಾರದಲ್ಲಿ ಒಂದು ಪಾಲನ್ನು ಒಳಗೆ ಟೊಳ್ಳಾದ ಗಟ್ಟಿ ರಬ್ಬರಿನ ಆಟಿಕೆಯಲ್ಲಿ ತುಂಬಿ, ಹೊರಗೆ ಕಾಲಿಡುವಾಗ ಕೊಡುವುದು ಒಳ್ಳೆಯದು. ನೆಕ್ಕುವ ಕೆಲಸದಲ್ಲಿ ಮನಸ್ಸು ತೊಡಗುತ್ತದೆ. ಉಪ್ಪಿಲ್ಲದ ಮೊಸರನ್ನ ಆದೀತು, ಬರಿಯ ಇಡ್ಲಿಯಾದೀತು. ಹೋಟೆಲಿನಿಂದ ಉಳಿದದ್ದನ್ನು ಕಟ್ಟಿಸಿಕೊಂಡು ಬರುವ ನಮ್ಮ ಹುಡುಗರು ಮಾತ್ರ ಇಲ್ಲೊಂದನ್ನು ನೆನಪಿಡಬೇಕು: ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ರಕ್ತವನ್ನು ಕೆಡಿಸುತ್ತವೆ. ಮಸಾಲೆದೋಸೆಯ ಪಲ್ಯ, ಸಾಂಬಾರು, ಈರುಳ್ಳಿ ಉತ್ತಪ್ಪಗಳು ಅದಕ್ಕೆ ಸಲ್ಲ. ದ್ರಾಕ್ಷಿ, ಚಾಕಲೇಟುಗಳೂ ವಿಷವೇ.

ಇಷ್ಟನ್ನು ಓದಿದ ಗುಮಾಸ್ತರೊಬ್ಬರು ಕೇಳಬಹುದು: "ಐದು ಸೆಕೆಂಡಿನ ಪಾಠವೇನೋ ಸರಿ, ಸ್ವಾಮಿ. ನನಗೆ 7-42ರ ಗಾಡಿಯಿದೆಯಲ್ಲ?" ಪ್ರಶ್ನೆ ನ್ಯಾಯವಾದುದು, ಇಡೀ ಚಿಕಿತ್ಸೆಯ ಕಷ್ಟವೆಲ್ಲ ಇಲ್ಲಿಯೇ ಇದೆ. ಪಾಠ ನಡೆಯುವ ವಾರಗಳಲ್ಲಿ ನಾಯಿಯನ್ನು ಅದು ತಾಳುವುದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡಬಾರದು. ಬಿಟ್ಟರೆ ಸಂಜೆ ಕಲಿತದ್ದು ಬೆಳಿಗ್ಗೆ ಅಳಿಸಿಹೋಗುತ್ತದೆ. ಎಂದರೆ ಆ ಹೊತ್ತಿಗೆ ಬೇರೊಬ್ಬರ ಜೊತೆಯನ್ನು ಒದಗಿಸಲೇಬೇಕು. ಡೊಂಬಿವಲಿಯ ಆ ಮನೆಯವರು ಅದೇ ಮಾಳಿಗೆಯಲ್ಲಿದ್ದ ಮರಾಠಿ ಅಜ್ಜಿಯೊಬ್ಬರನ್ನು ಕೇಳಿಕೊಂಡರು. ಬೆಳಿಗ್ಗೆ ನಾಯಿ ಅಜ್ಜಿಯ ಮನೆಗೆ. ಮಧ್ಯಾಹ್ನ ಕಾಲೇಜಿನಿಂದ ಬಂದ ಮಗನು ಕರೆತರುವನು. ಗಂಡಹೆಂಡಿರು ರಜೆಗಳನ್ನು ಹಂಚಿಕೊಂಡು ತೆಗೆದರು. ಪಾಠವೆಲ್ಲ ಸಂಜೆಗೂ ಭಾನುವಾರಗಳಿಗೂ. ಕೆಳಗಿನ ಮನೆಯ ಹೋಟೆಲು ನೌಕರರು ಯಾವ ದಿನ ಎಷ್ಟು ಹೊತ್ತಿಗೆ ಬೊಗಳು ಕೇಳಿಸಿತೆಂದು ಹಳೆಯ ಬಿಲ್ಲು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಟ್ಟರು. ದೂರಿಗಾಗಿ ತೊಡಗಿದ ಆ ಲೆಕ್ಕವೇ ಚಿಕಿತ್ಸೆಗೆ ಆಧಾರವಾಯಿತು. ನಾಲ್ಕು ತಿಂಗಳಾದ ಮೇಲೆ ನಾಯಿ ಮೂರೂವರೆ ಗಂಟೆ ಸದ್ದಿಲ್ಲದೆ ಇರಬಲ್ಲುದಾಯಿತು. ಅದಕ್ಕಿಂತ ಹೆಚ್ಚಲ್ಲ, ಅಜ್ಜಿಯ ಮನೆಯ ಏರ್ಪಾಡನ್ನು ಅವರು ಬಿಡಲಿಲ್ಲ. ನೋಟೀಸು ಕಮಿಟಿಯ ಫೈಲಿನಲ್ಲಿಯೇ ಉಳಿಯಿತು.

ಇಂಥ ಅಜ್ಜಿ ಎಲ್ಲ ಮಾಳಿಗೆಗಳಲ್ಲಿಯೂ ಸಿಕ್ಕರು, ನಿಜ. ಆದರೆ ಹನ್ನೆರಡು ಗಂಟೆ ಬೀಗ ಬೀಳುವ, ನಡುವೆ ಯಾರೂ ಬಂದುಹೋಗದ ಮನೆಗೆ ನಾಯಿಯನ್ನು ತರಲೇಬಾರದೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಮಕ್ಕಳು ಹಟ ಹಿಡಿದರೆ ಮೀನಿನ ತೊಟ್ಟಿಯಿದೆ. ಜೊತೆಗಿರಲೆಂದು ಇನ್ನೊಂದು ನಾಯಿಯನ್ನು ತರುವವರೂ ಇದ್ದಾರೆ. ಅದು ಬಯಸುವುದು ಮನುಷ್ಯನನ್ನಾದುದರಿಂದ ಎಷ್ಟೋ ಸಲ ಒಂದು ಬೊಗಳುವ ಕಡೆ ಎರಡು ಬೊಗಳುತ್ತವೆ.

ಬೊಗಳಿದರೆ ವಿದ್ಯುತ್ತು ಹೊಡೆಯುವ ಕೊರಳಪಟ್ಟಿಯು ಅಂಗಡಿಗಳಲ್ಲಿ ದೊರೆಯುತ್ತದೆ. ಹೆದರಿ ಕೂಗುವ ಪ್ರಾಣಿಗೆ ಇನ್ನಷ್ಟು ಹೆದರಿಕೆಯನ್ನು ಮಾರುವ ವ್ಯಾಪಾರವದು. ಬಾಯಿಗೆ ಕುಕ್ಕೆ ಕಟ್ಟಿ ಹೋಗುವುದು ಅದಕ್ಕಿಂತಲೂ ಅಪಾಯ. ನಾಯಿಯು ತೇಕುವುದರಿಂದಲೇ ತನ್ನ ಮೈಯ ಕಾವನ್ನು ಇಳಿಸಿಕೊಳ್ಳತಕ್ಕ ಪ್ರಾಣಿ. ಮುಂಬಯಿಯ ಮೇ ತಿಂಗಳಲ್ಲಿ ಮುಚ್ಚಿದ ಮನೆಯೊಳಗೆ ಬಾಯಿ ಕಟ್ಟಿದರೆ ಪ್ರಾಣವೇ ಹೋದೀತು.

ಕಳವಳವು ತೀವ್ರವಾಗಿದ್ದರೆ ಔಷಧವೂ ಉಂಟು. ಕ್ಲೋಮಿಪ್ರಮಿನ್ ಎಂಬುದನ್ನು 1998ರಲ್ಲಿಯೂ, ಫ್ಲುಆಕ್ಸೆಟಿನ್ ಎಂಬುದನ್ನು 2007ರಲ್ಲಿಯೂ ಅಮೆರಿಕದ ಸರಕಾರದ ಔಷಧ ಇಲಾಖೆಯು ನಾಯಿಗಳ ಈ ಕಾಯಿಲೆಗೆ ಅಂಗೀಕರಿಸಿತು. ಅಂಗೀಕಾರವು ಪಾಠದ ಜೊತೆಯಲ್ಲಿ ಕೊಡುವುದಕ್ಕೆ, ಪಾಠದ ಬದಲಿಗೆ ಅಲ್ಲ. ಗುಣ ಕಾಣಲು ವಾರಗಳು ಬೇಕು. ಪಶುವೈದ್ಯರು ನೋಡಿ ತೂಕಕ್ಕೆ ತಕ್ಕಂತೆ ಬರೆದುಕೊಡಬೇಕೇ ಹೊರತು ಮನೆಯ ಹಿರಿಯರ ನಿದ್ದೆಗುಳಿಗೆಯನ್ನು ಮುರಿದು ಹಾಕುವಂತಿಲ್ಲ. ಪರೇಲಿನಲ್ಲಿ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯೂ, 1886ರಲ್ಲಿ ಸ್ಥಾಪಿತವಾದ ಪಶುವೈದ್ಯ ಕಾಲೇಜೂ ಇರುವುದನ್ನು ನಗರಕ್ಕೆ ಹೊಸಬರಾದವರು ತಿಳಿದಿರಬೇಕು.

ಇನ್ನು ಕಮಿಟಿಯ ಮಾತು. ರುಕ್ಮಿಣಿದೇವಿ ಅರುಂಡೇಲರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆಯೂ, ಅದರಂತೆ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಆದವು. ಆ ಮಂಡಳಿಯು 2015ರಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ, ಬಹುಮತದ ಠರಾವು ಮಾಡಿದರೂ ಸೊಸೈಟಿಯು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ. ಬೊಗಳುತ್ತದೆಂಬುದು ಹೊರಗಟ್ಟಲು ಕಾರಣವಾಗದು. ಆದರೆ ಎಡೆಬಿಡದೆ ಬೊಗಳುವುದು ನೆರೆಯವರಿಗೆ ಬಾಧೆಯೆಂದೂ, ವಿಶೇಷವಾಗಿ ರಾತ್ರಿಯಲ್ಲಿ ನಾಯಿಯನ್ನು ಸುಮ್ಮನಿರಿಸಲು ಯತ್ನಿಸಬೇಕೆಂದೂ ಅದೇ ಸೂಚನೆಗಳು ಯಜಮಾನರಿಗೆ ಹೇಳುತ್ತವೆ. ಮೊದಲನೆಯ ಭಾಗವನ್ನು ಮಾತ್ರ ಅಚ್ಚು ಹಾಕಿಸಿ ಸೆಕ್ರೆಟರಿಯ ಮುಖಕ್ಕೆ ಹಿಡಿಯುವವರನ್ನು ನಾವು ಕಂಡಿದ್ದೇವೆ. ಬಾಡಿಗೆಗೆ ಇರುವವರಂತೂ ಹನ್ನೊಂದು ತಿಂಗಳ ಕರಾರಿನಲ್ಲಿ ಪ್ರಾಣಿಗಳ ಬಗ್ಗೆ ಏನು ಬರೆದಿದೆಯೆಂದು ಸಹಿಗೆ ಮುಂಚೆಯೇ ಓದಿಕೊಳ್ಳಬೇಕು.

ಬೇಸತ್ತವರು ಕೆಲವರು ನಾಯಿಯನ್ನು ದೂರದ ನಿಲ್ದಾಣದಲ್ಲಿ ಇಳಿಸಿ ಬರುವುದುಂಟು. ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಕಾಯಿದೆಯಂತೆ ಅಪರಾಧ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಇಲ್ಲಿ ನೆನೆಯಬಹುದು. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು, ಮೆಚ್ಚಿದ್ದನ್ನು ಬೇಡೆಂದ ಒಡೆಯನಿಂದ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟನು. ಬೆಂಗಳೂರಿನ ಸರಕಾರಿ ಮ್ಯೂಸಿಯಮ್ಮಿನಲ್ಲಿ ಆ ಕಲ್ಲನ್ನು ಇಂದಿಗೂ ನೋಡಬಹುದು.

ಬೇಸಗೆಯ ರಜೆಗೆ ಊರಿಗೆ ಹೊರಡುವವರಿಗೆ ಒಂದು ಮಾತು ಉಳಿದಿದೆ. ರೈಲಿನಲ್ಲಿ ಪ್ರಥಮ ದರ್ಜೆಯ ಕೂಪೆಯನ್ನು ಇಡಿಯಾಗಿ ಕಾದಿರಿಸಿದರೆ ಮಾತ್ರ ನಾಯಿಯನ್ನು ಜೊತೆಯಲ್ಲಿ ಒಯ್ಯಬಹುದು. ಉಳಿದವರಿಗೆ ಗಾರ್ಡಿನ ಡಬ್ಬಿಯ ನಾಯಿಪೆಟ್ಟಿಗೆಯೇ ಗತಿ. ಊರಿನ ತುಂಬಿದ ಮನೆಯಲ್ಲಿ ಮೂರು ವಾರ ಇದ್ದು ಬಂದ ನಾಯಿಗೆ ಮುಂಬಯಿಯ ಬಿಡಾರವು ಮತ್ತೆ ಹೊಸದು, ಒಂಟಿತನವೂ ಹೊಸದು. ಮಾಸಿಹೋಗಿದ್ದ ಬೊಗಳು ಆಗ ಮರುಕಳಿಸುವುದುಂಟು. ಆದುದರಿಂದ ರಜೆಯಲ್ಲಿ ಕಡೆಯ ಎರಡು ದಿನಗಳನ್ನು ಉಳಿಸಿಕೊಂಡು ಮರಳಿ, ಬಾಗಿಲ ಹೊರಗೆ ಐದು ಸೆಕೆಂಡು ನಿಲ್ಲುವಲ್ಲಿಂದ ಪುನಃ ಆರಂಭಿಸತಕ್ಕದ್ದು. ಎರಡನೆಯ ಸಲ ಅಷ್ಟು ದಿನ ಹಿಡಿಯಲಾರದು.