ರಿಫರ್ಬಿಷ್ಡ್ ಫೋನ್ ಚಾರ್ಜ್ ಮಧ್ಯಾಹ್ನಕ್ಕೇ ಖಾಲಿ ಆಗ್ತಿದ್ಯಾ? ದುಡ್ಡು ಹಾಕೋ ಮೊದಲು ಇಷ್ಟು ನೋಡಿ

ಇವತ್ತಿನ ಎಪಿಸೋಡ್ ರಿಫರ್ಬಿಷ್ಡ್ ಫೋನಿನ ಬ್ಯಾಟರಿ ಬಗ್ಗೆ. ನೋಡೋಕೆ ಫೋನ್ ಹೊಸದರ ಹಾಗೇ ಇದೆ, ಒಂದು ಗೀರೂ ಇಲ್ಲ, ಆದ್ರೆ ಊಟದ ಹೊತ್ತಿಗೆ ಚಾರ್ಜ್ ಇರಲ್ಲ. ಹೀಗೆ ಹೇಳೋರು ನನ್ನ ಸುತ್ತಮುತ್ತ ತುಂಬಾ ಜನ ಇದ್ದಾರೆ.

ನಾನಿರೋದು ಕಾಡುಗೋಡಿಯಲ್ಲಿ. ನೇರಳೆ ಮಾರ್ಗದ ಕೊನೇ ಮೆಟ್ರೊ ಸ್ಟೇಷನ್ ನಮ್ಮದು. 2023ರ ಮಾರ್ಚ್‌ನಲ್ಲಿ ಇಲ್ಲಿಂದ ಕೆ.ಆರ್. ಪುರದವರೆಗೆ ರೈಲು ಶುರುವಾಯ್ತು, ಅದೇ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದವರೆಗೂ ಒಂದೇ ರೈಲಲ್ಲಿ ಹೋಗೋ ಹಾಗಾಯ್ತು. ಪಿ.ಜಿ.ಯಲ್ಲಿ ಇದ್ಕೊಂಡು ಟೆಕ್ ಪಾರ್ಕ್ ಶಿಫ್ಟ್‌ಗೆ ಹೋಗೋರು, ಹೋಪ್ ಫಾರ್ಮ್ ಕಡೆ ಗಾಡಿ ನಿಲ್ಲಿಸ್ಕೊಂಡು ಆರ್ಡರ್‌ಗೆ ಕಾಯೋರು, ಎಲ್ಲರ ದಿನವೂ ಫೋನ್ ಮೇಲೇ ನಿಂತಿದೆ. ಮೆಟ್ರೊ ಕ್ಯೂಆರ್ ಟಿಕೆಟ್ ಫೋನಲ್ಲಿದ್ರೆ, ಅದು ಆಫ್ ಆದಾಗ ಸ್ಟೇಷನ್ನಿಂದ ಹೊರಗೆ ಬರೋಕೂ ಗೇಟ್ ಹತ್ರ ಪೇಚಾಡ್ಬೇಕು. ಡೆಲಿವರಿ ಮಾಡೋರಿಗಂತೂ ಫೋನ್ ಆಫ್ ಅಂದ್ರೆ ಆ ಹೊತ್ತಿನ ದುಡಿಮೆಯೇ ನಿಂತ ಹಾಗೆ.

ರಿಫರ್ಬಿಷ್ಡ್ ಅಂದ್ರೆ ಹೊಸ ಬ್ಯಾಟರಿ ಅಂತಲ್ಲ

ಒಬ್ಬರು ಬಳಸಿದ ಫೋನನ್ನ ಪರೀಕ್ಷೆ ಮಾಡಿ, ಕೆಟ್ಟಿರೋದನ್ನ ಸರಿಮಾಡಿ, ಒರೆಸಿ ಮತ್ತೆ ಮಾರೋದು ರಿಫರ್ಬಿಷ್ಡ್. ಬ್ಯಾಟರಿ ಬದಲಾಯಿಸಿರ್ತಾರಾ ಇಲ್ವಾ ಅನ್ನೋದು ಮಾರೋರಿಗೆ ಬಿಟ್ಟದ್ದು. ಎಷ್ಟೋ ಕಡೆ ಕೊಡೋ ಗ್ರೇಡು ಹೊರಮೈ ಎಷ್ಟು ಚೆನ್ನಾಗಿದೆ ಅನ್ನೋದಕ್ಕೆ ಮಾತ್ರ. ಹಾಗಾಗಿ ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ: ಬ್ಯಾಟರಿ ಬದಲಾಗಿದ್ಯಾ? ಈಗ ಅದರ ಆರೋಗ್ಯ ಶೇಕಡಾ ಎಷ್ಟು? ವಾರಂಟಿಯಲ್ಲಿ ಬ್ಯಾಟರಿ ಸೇರಿದ್ಯಾ? ಉತ್ತರವನ್ನ ಬಿಲ್‌ನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಬರಹದಲ್ಲಿ ಇಟ್ಕೊಳ್ಳಿ.

100 ಅಂತ ತೋರಿಸೋದು ಯಾವ ನೂರು?

ಫೋನಲ್ಲಿರೋದು ಲಿಥಿಯಂ ಅಯಾನ್ ಬ್ಯಾಟರಿ. ಪ್ರತಿ ಸಲ ಚಾರ್ಜ್ ಆಗಿ ಖಾಲಿ ಆದಾಗ ಒಳಗಿನ ಲಿಥಿಯಂನಲ್ಲಿ ಚೂರು ಚೂರು ಕೆಲಸಕ್ಕೆ ಬಾರದ ಹಾಗೆ ಆಗ್ತಾ ಹೋಗುತ್ತೆ. ಹೊಸದರಲ್ಲಿ 4,500 ಎಂಎಎಚ್ ಇದ್ದ ಬ್ಯಾಟರಿಯ ಆರೋಗ್ಯ ಶೇ 75ಕ್ಕೆ ಇಳಿದ್ರೆ ಉಳಿಯೋದು 3,375 ಮಾತ್ರ. ಫುಲ್ ಚಾರ್ಜ್ ಮಾಡಿದಾಗ ಸ್ಕ್ರೀನ್ ಮೇಲೆ ಆಗಲೂ 100 ಅಂತಲೇ ಬರುತ್ತೆ. ಬಿಂದಿಗೆ ತುಂಬಿದೆ ನಿಜ, ಬಿಂದಿಗೆಯೇ ಚಿಕ್ಕದಾಗಿದೆ.

ಚಾರ್ಜ್ ಸೈಕಲ್ ಅನ್ನೋ ಮಾತು ಕೇಳಿರ್ತೀರಿ. ಇವತ್ತು ಶೇ 50, ನಾಳೆ ಶೇ 50 ಬಳಸಿದ್ರೆ ಎರಡೂ ಸೇರಿ ಒಂದು ಸೈಕಲ್. ಆ್ಯಪಲ್ ಹೇಳೋ ಲೆಕ್ಕದ ಪ್ರಕಾರ ಐಫೋನ್ 14 ಮತ್ತು ಅದಕ್ಕಿಂತ ಹಳೇ ಮಾಡೆಲ್‌ಗಳ ಬ್ಯಾಟರಿ 500 ಸೈಕಲ್ ಆದ್ಮೇಲೂ ಶೇ 80 ಉಳಿಸ್ಕೊಳ್ಳೋ ಹಾಗೆ ರೂಪಿಸಿದ್ದು; ಐಫೋನ್ 15ರಿಂದ ಅದು 1,000. ದಿನಕ್ಕೊಂದು ಸೈಕಲ್ ಅಂದ್ರೂ 500 ಸೈಕಲ್ ಮುಗಿಯೋಕೆ ಒಂದೂವರೆ ವರ್ಷವೂ ಬೇಡ. ಬೇರೆಯವರ ಕೈಯಲ್ಲಿ ಎರಡು ಮೂರು ವರ್ಷ ಇದ್ದು ಬಂದ ಫೋನು ಆ ಗಡಿ ದಾಟಿರೋದೇ ಹೆಚ್ಚು.

ಬ್ಯಾಟರಿ ಸುಸ್ತಾಗಿದ್ಯಾ, ಬೇರೆ ಏನಾದ್ರೂ ಕುಡೀತಿದ್ಯಾ?

ಇದನ್ನ ಮೊದಲು ಬೇರೆ ಬೇರೆ ಮಾಡ್ಕೋಬೇಕು. ರಾತ್ರಿ ಫುಲ್ ಚಾರ್ಜ್ ಮಾಡಿ, ಫ್ಲೈಟ್ ಮೋಡ್‌ಗೆ ಹಾಕಿ, ವೈಫೈ, ಬ್ಲೂಟೂತ್ ಆಫ್ ಮಾಡಿ ಮಲಗಿ. ಅಲಾರಂ ಕೆಲಸ ಮಾಡುತ್ತೆ, ಚಿಂತೆ ಬೇಡ. ಬೆಳಗ್ಗೆಗೆ ನಾಲ್ಕೈದು ಪರ್ಸೆಂಟ್ ಒಳಗೆ ಇಳಿದಿದ್ರೆ, ಹಗಲು ಚಾರ್ಜ್ ತಿನ್ನೋದು ನೆಟ್‌ವರ್ಕ್, ಸ್ಕ್ರೀನ್, ಆ್ಯಪ್‌ಗಳು, ಜೊತೆಗೆ ಬ್ಯಾಟರಿ ವಯಸ್ಸು. ಸುಮ್ಮನೆ ಇದ್ದಾಗಲೇ ಹದಿನೈದು ಇಪ್ಪತ್ತು ಇಳಿದಿದ್ರೆ ಹಿನ್ನೆಲೆಯಲ್ಲಿ ಯಾವುದೋ ಆ್ಯಪ್ ಎದ್ದು ಕೂತಿದೆ, ಅಥವಾ ಫೋನಿನ ಒಳಗೇ ದೋಷ ಇದೆ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಇರುತ್ತೆ, ನೋಡಿ.

ಸುಸ್ತಾದ ಬ್ಯಾಟರಿಗೆ ಇನ್ನೊಂದು ಲಕ್ಷಣ ಇದೆ. ಶೇ 25 ಇದ್ದಾಗ ಕ್ಯಾಮೆರಾ ತೆಗೆದ ತಕ್ಷಣ ಫೋನ್ ಆಫ್ ಆಗೋದು. ವಯಸ್ಸಾದಂತೆ ಬ್ಯಾಟರಿಯ ಒಳಗಿನ ಪ್ರತಿರೋಧ ಹೆಚ್ಚುತ್ತೆ. ಒಮ್ಮೆಲೇ ಜಾಸ್ತಿ ಕರೆಂಟ್ ಕೇಳಿದಾಗ ವೋಲ್ಟೇಜ್ ಕುಸಿದು ಫೋನ್ ಮಲಗಿಬಿಡುತ್ತೆ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ, ಬ್ಯಾಟರಿ ಬದಲಾಯಿಸ್ಲೇಬೇಕು. ಐಫೋನಲ್ಲಿ ಆರೋಗ್ಯದ ಶೇಕಡಾ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತೆ. ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನ ಪರೀಕ್ಷೆ ಇದೆ. ಬೇರೆ ಆಂಡ್ರಾಯ್ಡ್‌ಗಳಿಗೆ ಆ್ಯಕ್ಯುಬ್ಯಾಟರಿಯಂಥ ಆ್ಯಪ್ ಕೆಲವು ದಿನದ ಚಾರ್ಜಿಂಗ್ ನೋಡಿ ಅಂದಾಜು ಕೊಡುತ್ತೆ.

ದುಡ್ಡಿಲ್ಲದೆ ಆಗೋ ಉಳಿತಾಯ

ಸಿಗ್ನಲ್ ಕಡ್ಡಿ ಕಡಿಮೆ ಇದ್ದಷ್ಟೂ ಫೋನ್ ಟವರ್ ಹುಡುಕೋಕೆ ಜೋರಾಗಿ ಕೂಗ್ಬೇಕು. ಬೇಸ್‌ಮೆಂಟ್ ಪಾರ್ಕಿಂಗ್, ಲಿಫ್ಟ್ ಪಕ್ಕದ ಸೀಟು, ಪಿ.ಜಿ.ಯ ಒಳಗಿನ ರೂಮು, ಎಲ್ಲಾ ಕಡೆ ಇದೇ ಕಥೆ. ವೈಫೈ ಇರೋ ಕಡೆ ವೈಫೈ ಬಳಸಿ. 5ಜಿ ಬಂದು ಹೋಗಿ ಮಾಡ್ತಿದ್ರೆ 4ಜಿಗೆ ಹಾಕಿ.

ಎರಡನೇ ಶತ್ರು ಬಿಸಿ. ಸುತ್ತಲಿನ ಶಾಖ 35 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಬ್ಯಾಟರಿ ಸಾಮರ್ಥ್ಯಕ್ಕೆ ಶಾಶ್ವತ ಪೆಟ್ಟು ಬೀಳಬಹುದು ಅಂತ ಆ್ಯಪಲ್ಲೇ ಎಚ್ಚರಿಸುತ್ತೆ. ಬೈಕ್ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನನ್ನ ನೆನಪು ಮಾಡ್ಕೊಳ್ಳಿ: ಮೇಲೆ ಬಿಸಿಲು, ಸ್ಕ್ರೀನ್ ಪೂರ್ತಿ ಬೆಳಕು, ಜಿಪಿಎಸ್ ಆನ್, ಜೊತೆಗೆ ಪವರ್ ಬ್ಯಾಂಕ್. ನಾಲ್ಕೂ ಒಟ್ಟಿಗೆ ಸೇರಿದ್ರೆ ಬ್ಯಾಟರಿ ಬೇಗ ಮುದಿಯಾಗುತ್ತೆ. ಗಾಡಿ ನಿಲ್ಲಿಸಿ ನೆರಳಲ್ಲಿದ್ದಾಗ ಚಾರ್ಜ್ ಮಾಡಿ, ದಪ್ಪ ಕವರ್ ತೆಗೀರಿ. ಮನೆಯಲ್ಲಿ ದಿಂಬಿನ ಕೆಳಗೆ ಇಟ್ಟು ಚಾರ್ಜ್ ಬೇಡ. 20ರಿಂದ 80ರ ನಡುವೆ ಇಟ್ಕೊಂಡ್ರೆ ಒಳ್ಳೇದು, ಆದ್ರೆ ಉದ್ದದ ಶಿಫ್ಟ್ ಇರೋ ದಿನ ಫುಲ್ ಮಾಡ್ಕೊಳ್ಳಿ, ತಪ್ಪಿಲ್ಲ. ಫೋನ್ ಇರೋದು ನಮ್ಮ ಕೆಲಸಕ್ಕೆ.

ಬದಲಾಯಿಸೋದಾದ್ರೆ

ಮೊದಲು ನೋಡ್ಬೇಕಾದ್ದು ಆ ಫೋನಿಗೆ ಇನ್ನೂ ಸೆಕ್ಯುರಿಟಿ ಅಪ್‌ಡೇಟ್ ಬರ್ತಿದ್ಯಾ ಅಂತ. ಬರ್ತಿಲ್ಲ ಅಂದ್ರೆ, ಯುಪಿಐ ಬಳಸೋ ಫೋನ್ ಮೇಲೆ ಮತ್ತೆ ದುಡ್ಡು ಸುರಿಯೋ ಮುಂಚೆ ಎರಡು ಸಲ ಯೋಚಿಸಿ. ಬರ್ತಿದ್ರೆ ಮೊದಲು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿ ರೇಟ್ ಕೇಳಿ, ಆಮೇಲೆ ಬೇರೆ ಅಂಗಡಿ. ಎಸ್.ಪಿ. ರೋಡ್‌ನಲ್ಲೋ ಕಾಡುಗೋಡಿಯಲ್ಲೋ ಹಾಕಿಸೋದಾದ್ರೂ ಬ್ಯಾಟರಿ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇದ್ಯಾ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದ್ರೆ ಅಸಲಿಯೋ ಅಲ್ವೋ ಗೊತ್ತಾಗುತ್ತೆ. ಅದೇ ಅಳತೆಯ ಬ್ಯಾಟರಿಗೆ ಕಂಪನಿಯದಕ್ಕಿಂತ ಸಾವಿರ ಎಂಎಎಚ್ ಜಾಸ್ತಿ ಅಂತ ಬರೆದಿದ್ರೆ ನಂಬಬೇಡಿ. ಇನ್ನೊಂದು ವಿಷಯ, ಒಮ್ಮೆ ಬಿಚ್ಚಿದ ಫೋನಿಗೆ ಮೊದಲಿನ ಹಾಗೆ ನೀರಿನಿಂದ ರಕ್ಷಣೆ ಇರುತ್ತೆ ಅನ್ನೋಕಾಗಲ್ಲ. ಮಳೆಯಲ್ಲಿ ಹುಷಾರು.

ಹಿಂಬದಿ ಉಬ್ಬಿದ್ರೆ ಕಾಯಬೇಡಿ

ಹಿಂದಿನ ಕವರ್ ಎದ್ದಿದೆ, ಸ್ಕ್ರೀನ್ ಅಂಚು ಬಿಟ್ಕೊಂಡಿದೆ ಅಂದ್ರೆ ಬ್ಯಾಟರಿ ಒಳಗೆ ಗ್ಯಾಸ್ ತುಂಬಿದೆ ಅಂತ ಅರ್ಥ. ಅವತ್ತೇ ಚಾರ್ಜ್ ಮಾಡೋದು ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಪ್ಯಾಂಟ್ ಜೇಬಲ್ಲಿ ಇಟ್ಕೊಂಡು ಓಡಾಡಬೇಡಿ, ಬೆಂಕಿ ಹತ್ತೋ ಅಪಾಯ ಇದೆ. ಆಫ್ ಮಾಡಿ ಸರ್ವಿಸ್ ಸೆಂಟರ್‌ಗೆ ಕೊಡಿ. ತೆಗೆದ ಬ್ಯಾಟರಿ ಹಸಿ ಕಸಕ್ಕೂ ಬೇಡ, ಒಣ ಕಸಕ್ಕೂ ಬೇಡ. ಕಸ ಬೇರ್ಪಡಿಸೋರ ಕೈಯಲ್ಲೇ ಅದು ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು. ಅದಕ್ಕೇ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ಇಲ್ಲಾಂದ್ರೆ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಡಿ.

ಹೊಸದಾಗಿ ತಗೊಂಡೋರಿಗೆ ಕೊನೇ ಮಾತು. ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ ಈ ಪರೀಕ್ಷೆ ಎಲ್ಲಾ ಮಾಡಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಹೇಳಿದ್ದೊಂದು, ಕೊಟ್ಟಿದ್ದೊಂದು ಆಗಿದ್ರೆ ಮೊದಲು ಮಾರಿದವರಿಗೆ ಬರಹದಲ್ಲಿ ದೂರು ಕೊಡಿ. ಬಗೆಹರೀಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕಡಿಮೆ ಬೆಲೆಗೆ ತಗೊಂಡಿದ್ದೀವಿ ಅಂತ ಸುಮ್ಮನಿರಬೇಕಿಲ್ಲ, ಗ್ರಾಹಕರ ಹಕ್ಕು ಹಳೇ ಫೋನಿಗೂ ಒಂದೇ.

ಇವತ್ತಿಗೆ ಇಷ್ಟು. ಇವತ್ತು ರಾತ್ರಿ ಫ್ಲೈಟ್ ಮೋಡ್ ಪರೀಕ್ಷೆ ಮಾಡಿ ನೋಡಿ, ಮುಂದಿನ ಎಪಿಸೋಡ್‌ನಲ್ಲಿ ಮತ್ತೆ ಸಿಗೋಣ.