ಆರ್ಟ್ಸ್ ಓದುವವರಿಗೆ ಸುಲಭದ ಲ್ಯಾಬ್ ಯಾವುದು?

ಎಸ್ಸೆಸ್ಸೆಲ್ಸಿ ಮುಗಿಸಿ ಅಂಬಾಜಿದುರ್ಗದ ಸುತ್ತಲಿನ ಹಳ್ಳಿಗಳಿಂದ ಚಿಂತಾಮಣಿಯ ಕಾಲೇಜಿಗೆ ಬಸ್ಸು ಹತ್ತುವ ಮಕ್ಕಳಿಗೆ ಸಲಹೆ ಕೊಡುವವರು ಬೇಕಾದಷ್ಟು ಜನ. "ಆರ್ಟ್ಸ್ ತಗೋ, ಲ್ಯಾಬಿನ ಕಾಟ ಇರಲ್ಲ" ಎನ್ನುವುದು ಆ ಸಲಹೆಗಳಲ್ಲಿ ಮೊದಲನೆಯದು. ಇದು ಪೂರ್ತಿ ನಿಜವಲ್ಲ. ಪಿಯುಸಿ ಕಲಾ ವಿಭಾಗದಲ್ಲೇ ಭೂಗೋಳಶಾಸ್ತ್ರ, ಮನಃಶಾಸ್ತ್ರ ತೆಗೆದುಕೊಂಡರೆ 70 ಅಂಕ ಥಿಯರಿಗೆ, 30 ಅಂಕ ಪ್ರಾಕ್ಟಿಕಲ್‌ಗೆ. ಡಿಗ್ರಿಯಲ್ಲೂ ಈ ಎರಡು ವಿಷಯಗಳಿಗೆ ಪ್ರಾಕ್ಟಿಕಲ್ ಉಂಟು.

ಲ್ಯಾಬ್ ಇದೆ ಎಂದು ಗೊತ್ತಾದ ಮೇಲೆ ಬರುವ ಮಾತು ಇನ್ನೊಂದು: "ಜಿಯಾಗ್ರಫಿ ಲ್ಯಾಬಲ್ಲಿ ಏನಿದೆ, ನಕ್ಷೆಗೆ ಬಣ್ಣ ಹಚ್ಚೋದು ತಾನೆ?" ಅಲ್ಲಿ ಆ್ಯಸಿಡ್ ಇಲ್ಲ, ಬರ್ನರ್ ಇಲ್ಲ, ಸರಿ. ಆದರೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಮುಂದಿಟ್ಟುಕೊಂಡು ಕೂತರೆ ಬಣ್ಣದ ಪೆನ್ಸಿಲ್ ಸಾಲದು. 1:50,000 ಪ್ರಮಾಣದ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಸಮೋನ್ನತ ರೇಖೆಗಳ ನಡುವಿನ ಎತ್ತರ ಸಾಮಾನ್ಯವಾಗಿ 20 ಮೀಟರ್. ಅಂಬಾಜಿದುರ್ಗದಂಥ ಕಲ್ಲುಬೆಟ್ಟದ ಮಗ್ಗುಲಲ್ಲಿ ಈ ರೇಖೆಗಳು ಒತ್ತೊತ್ತಾಗಿ, ಕೆಳಗಿನ ಹೊಲಗಳ ಕಡೆ ದೂರದೂರ ಇರುತ್ತವೆ. ಒಂದು ಸೆಂಟಿಮೀಟರ್ ಒಳಗೆ 100 ಮೀಟರ್ ಏರಿದೆ ಎಂದುಕೊಳ್ಳಿ. 500ಕ್ಕೆ 100, ಅಂದರೆ ಐದಕ್ಕೆ ಒಂದರ ಇಳಿಜಾರು. ಬೇಕಾದದ್ದು ಏಳನೇ ಕ್ಲಾಸಿನ ಗಣಿತ ಅಷ್ಟೆ. "ಲೆಕ್ಕ ಬರದವರಿಗೆ ಲ್ಯಾಬ್ ಆಗಿಬರಲ್ಲ" ಎಂದು ಹೆದರಿಸುವವರಿಗೂ, "ಲೆಕ್ಕವೇ ಇಲ್ಲ" ಎಂದು ಸಮಾಧಾನ ಮಾಡುವವರಿಗೂ ಇದೇ ಉತ್ತರ.

ಮನಃಶಾಸ್ತ್ರದಲ್ಲೂ ಅಷ್ಟೆ. ಮುಲ್ಲರ್-ಲೈಯರ್ ಪ್ರಯೋಗದಲ್ಲಿ ಬಾಣದ ತುದಿಗಳು ಒಳಮುಖವೋ ಹೊರಮುಖವೋ ಎಂಬುದರ ಮೇಲೆ ಒಂದೇ ಉದ್ದದ ಗೆರೆ ಗಿಡ್ಡವಾಗಿಯೋ ಉದ್ದವಾಗಿಯೋ ಕಾಣುತ್ತದೆ. ಕಣ್ಣು ಎಷ್ಟು ಮೋಸ ಹೋಯಿತು ಎಂದು ಮತ್ತೆ ಮತ್ತೆ ಅಳೆದು ಸರಾಸರಿ ತೆಗೆಯಬೇಕು. ಜೊತೆಗೊಬ್ಬರು ಬೇಕು, ತಾಳ್ಮೆಯೂ ಬೇಕು.

ಪ್ರಾಕ್ಟಿಕಲ್ ಮಾರ್ಕ್ಸ್ ಬಿಟ್ಟಿ ಬರುತ್ತದೆ ಎಂಬ ನಂಬಿಕೆಯಲ್ಲಿ ಕಾಲುಭಾಗ ಸತ್ಯವಿದೆ. ವಾರವಾರ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡವರಿಗೆ ಅದು ಹಗುರವಾಗಿ ಬರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನ ರೆಕಾರ್ಡ್ ನಕಲು ಮಾಡಿದವರು ವೈವಾದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಧೈರ್ಯ ತುಂಬಲು ನಮ್ಮ ಜಿಲ್ಲೆಯವರು ತಪ್ಪದೆ ಹೇಳುವ ಉದಾಹರಣೆ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದು: "ಅವರೂ ಬಿಎ ಓದಿಯೇ ಎಂಜಿನಿಯರ್ ಆದವರು!" 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಅವರು ಪಡೆದದ್ದು ಬಿಎ ಪದವಿಯೇ, ನಿಜ. ಆದರೆ ಆಗ ಗಣಿತ, ವಿಜ್ಞಾನ ಓದಿದವರಿಗೂ ಬಿಎ ಎಂದೇ ಪದವಿ ಕೊಡುತ್ತಿದ್ದರು. ಇಂದಿನ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ವಿದ್ಯಾರ್ಥಿಗೆ ಆ ಹೋಲಿಕೆ ಹೊಂದುವುದಿಲ್ಲ.

ಇನ್ನು ಸೀನಿಯರ್‌ಗಳ ಮಾತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಬಿಎ ವಿದ್ಯಾರ್ಥಿಗಳೂ ತಮ್ಮ ವಿಷಯದಾಚೆಯ ಓಪನ್ ಎಲೆಕ್ಟಿವ್ ಆರಿಸಬೇಕಿತ್ತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿ ಪಠ್ಯಕ್ರಮ ಬದಲಾಯಿತು. "ಅದು ಸುಲಭ, ನಾನು ಪಾಸಾಗಿದೀನಿ" ಎನ್ನುವ ಅಕ್ಕ ಓದಿದ್ದು ಹಳೇ ಸ್ಕೀಮ್ ಇರಬಹುದು. ಅವರಿಂದ ಸಲಹೆಗಿಂತ ರೆಕಾರ್ಡ್ ಪುಸ್ತಕ ಕೇಳಿ ಪಡೆಯಿರಿ. ಹತ್ತು ಪುಟ ತಿರುವಿ ನೋಡಿ, ಆ ಕೆಲಸ ವಾರವಾರ ಮಾಡಲು ಮನಸ್ಸಾದರೆ ಮಾತ್ರ ಫಾರಂ ತುಂಬಿ. ಆ ವಿಷಯ ನಿಮ್ಮ ಕಾಲೇಜಿನಲ್ಲಿ ಇದೆಯೇ ಎಂದು ಆಫೀಸಿನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.