ಡೆಂಗ್ಯೂ ಎರಡನೇ ಸಲ ಬಂದರೆ ಯಾಕೆ ಜೋರು?

ಮಕ್ಕಳೇ, ಸೇಲಂನಿಂದ 20 ಹೇರ್‌ಪಿನ್ ತಿರುವು ಹತ್ತಿ ಏರ್ಕಾಡಿಗೆ ಬಂದರೆ ಸ್ವೆಟರ್ ಬೇಕಾಗುತ್ತೆ. ಇಂಥ ತಂಪಿನಲ್ಲಿ ಡೆಂಗ್ಯೂ ಸೊಳ್ಳೆ ಕಡಿಮೆ, ನಿಜ. ಆದರೆ ನಾವು ಕೆಲಸಕ್ಕೆ, ನೆಂಟರ ಮನೆಗೆ ಅಂತ ಸೇಲಂ, ಧರ್ಮಪುರಿಗೆ ಇಳಿಯುತ್ತಲೇ ಇರುತ್ತೇವಲ್ಲ!

"ನನಗೆ ಒಮ್ಮೆ ಡೆಂಗ್ಯೂ ಬಂದು ಹೋಯ್ತು, ಇನ್ನು ಬರಲ್ಲ" ಅನ್ನುವವರನ್ನು ನೀವು ನೋಡಿರಬಹುದು. ಆ ಮಾತು ಪೂರ್ತಿ ಸರಿಯಲ್ಲ. ಡೆಂಗ್ಯೂ ವೈರಸ್ಸಿನಲ್ಲಿ 4 ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಆ ಬಗೆಯಿಂದ ಬಹುಕಾಲ ರಕ್ಷಣೆ ಸಿಗುತ್ತದೆ. ಉಳಿದ ಮೂರರಿಂದ ಸಿಗುವ ರಕ್ಷಣೆ ಕೆಲವು ತಿಂಗಳು ಮಾತ್ರ.

ಆಮೇಲೆ ಏನಾಗುತ್ತೆ? ನಮ್ಮ ರಕ್ತದ ಪ್ರತಿಕಾಯ ಕವಲುಕೋಲಿನ ಆಕಾರದ್ದು. ಎರಡು ಕವಲುಗಳು ವೈರಸ್ಸನ್ನು ಹಿಡಿಯುತ್ತವೆ. ಕೆಳಗಿನ ಹಿಡಿಯನ್ನು ಭಕ್ಷಕ ಜೀವಕೋಶದ ಮೇಲಿರುವ 'ಎಫ್‌ಸಿ ಗ್ರಾಹಕ' ಹಿಡಿದು ಒಳಗೆಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ವೈರಸ್ಸಿನ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ ಹಳೆಯ ಪ್ರತಿಕಾಯ ಬೇರೆ ಬಗೆಯ ಡೆಂಗ್ಯೂಗೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯ ಮಾಡಲಾರದೇ ಹೋಗಬಹುದು. ಆಗ ವೈರಸ್ ಜೀವಂತವಾಗಿಯೇ ಒಳಹೊಕ್ಕು, ಅಲ್ಲೇ ಮರಿಮಾಡುತ್ತದೆ. ಕಾವಲುಗಾರನೇ ಕಳ್ಳನನ್ನು ಕೈಹಿಡಿದು ಮನೆಯೊಳಗೆ ಬಿಟ್ಟ ಹಾಗೆ!

ಇಂಥ ಭಕ್ಷಕ ಜೀವಕೋಶಗಳು ತುಂಬಾ ಇರುವ ಜಾಗ ಲಿವರ್, ಅಂದರೆ ಯಕೃತ್ತು. ಅಲ್ಲಿ ಅವುಗಳಿಗೆ ಕುಪ್ಫರ್ ಜೀವಕೋಶ ಅಂತ ಹೆಸರು. ತೀರಿಹೋದ ರೋಗಿಗಳ ಲಿವರಿನಲ್ಲಿ ಈ ಜೀವಕೋಶಗಳಲ್ಲೂ ಪಕ್ಕದ ಯಕೃತ್ತಿನ ಜೀವಕೋಶಗಳಲ್ಲೂ ವೈರಸ್ಸಿನ ಗುರುತು ಸಿಕ್ಕಿದೆ. ಡೆಂಗ್ಯೂ ಬಂದಾಗ ಡಾಕ್ಟರು ಎಸ್‌ಜಿಒಟಿ, ಎಸ್‌ಜಿಪಿಟಿ ಪರೀಕ್ಷೆ ಬರೆಯುವುದು ಲಿವರಿಗೆ ಎಷ್ಟು ಪೆಟ್ಟಾಗಿದೆ ಅಂತ ತಿಳಿಯಲು.

1960ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳನ್ನು ನೋಡುತ್ತಿದ್ದ ಸ್ಕಾಟ್ ಹಾಲ್‌ಸ್ಟೆಡ್, ಜೋರಾದ ಡೆಂಗ್ಯೂ ಹೆಚ್ಚಾಗಿ ಎರಡನೇ ಸಲದ ಸೋಂಕಿನಲ್ಲೇ ಬರುವುದನ್ನು ಗಮನಿಸಿದರು. 2017ರಲ್ಲಿ ಒಂದು ಡೆಂಗ್ಯೂ ಲಸಿಕೆಯ ವಿಷಯದಲ್ಲೂ ಇದೇ ಪಾಠ ಸಿಕ್ಕಿತು: ಮೊದಲು ಡೆಂಗ್ಯೂ ಬಾರದ ಮಕ್ಕಳಿಗೆ ಅದು ಅಪಾಯ ಹೆಚ್ಚಿಸಬಹುದು ಅಂತ ತಯಾರಕರೇ ಹೇಳಿದರು.

ಹೆದರಬೇಡಿ, ಎರಡನೇ ಸಲ ಬಂದವರಲ್ಲೂ ಹೆಚ್ಚಿನವರು ಗುಣವಾಗುತ್ತಾರೆ. ಜ್ವರ ಬಂದರೆ "ಮೊದಲೂ ಡೆಂಗ್ಯೂ ಬಂದಿತ್ತು" ಅಂತ ಡಾಕ್ಟರಿಗೆ ಮರೆಯದೆ ಹೇಳಿ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಆಸ್ಪಿರಿನ್, ಐಬುಪ್ರೊಫೇನ್ ನೀವಾಗಿ ನುಂಗಬೇಡಿ. ಮನೆಯ ನೀರಿನ ಡ್ರಮ್ಮನ್ನು ವಾರಕ್ಕೊಮ್ಮೆ ಖಾಲಿಮಾಡಿ, ಗೋಡೆ ಉಜ್ಜಿ ತೊಳೆಯಿರಿ. ಸೊಳ್ಳೆಯ ಮೊಟ್ಟೆ ಅಂಟಿರೋದು ಅಲ್ಲೇ.